ಶ್ರಾವಣದ ಗಡ್ಡ ಮತ್ತು ಕ್ಲೋರಿನ್ ಟನ್ನರ್

ನಮ್ಮ ರಾಯಚೂರು ಕಡೆ ಶ್ರಾವಣ ಬಂತೆಂದರೆ ಬಹಳ ಮಂದಿ ಗಡ್ಡ ತೆಗೆಯುವುದಿಲ್ಲ. ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ನೋಡಿಕೊಳ್ಳುವ ನನಗೆ ಆ ತಿಂಗಳು ಪೂರ್ತಿ ಅದೇ ಚಿಂತೆ.

ಅವತ್ತು ಬೆಳಗಿನ ಪಾಳಿ. 900 ಕಿಲೋ ಕ್ಲೋರಿನ್ ತುಂಬುವ ದೊಡ್ಡ ಉಕ್ಕಿನ ಸಿಲಿಂಡರ್, ಅಂದರೆ ಟನ್ನರಿನ ವಾಲ್ವಿನಲ್ಲಿ ಸೋರಿಕೆ. ಶೆಡ್ಡು ಇನ್ನೂ ದೂರವಿರುವಾಗಲೇ ಘಾಟು ಗಂಟಲು ಹಿಡಿಯಿತು. ಯಾರೋ ನೀರಿನ ಪೈಪು ಎಳೆದುಕೊಂಡು ಬಂದರು. ಓಡಿ ಹೋಗಿ ತಡೆದೆ. ಸೋರುವ ಜಾಗಕ್ಕೆ ನೀರು ಬಿದ್ದರೆ ಆಮ್ಲವಾಗಿ ಲೋಹವನ್ನೇ ತಿನ್ನುತ್ತದೆ, ತೂತು ದೊಡ್ಡದಾಗುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಎಲ್ಲರನ್ನೂ ಗಾಳಿ ಬರುವ ಕಡೆಯ ದಿಬ್ಬಕ್ಕೆ ಕಳಿಸಿದೆ.

ನನ್ನ ಜೊತೆ ಒಳಗೆ ಬರಬೇಕಾದ ಹುಡುಗನ ಮುಖದ ಮೇಲೆ ಹದಿನೈದು ದಿನದ ಗಡ್ಡ.

"ಅಣ್ಣಾ, ಮಾಸ್ಕ್ ಗಟ್ಟಿ ಬಿಗಿತೀನಿ, ಏನೂ ಆಗಂಗಿಲ್ಲ."

"ಬ್ಯಾಡಪ್ಪಾ. ನೀ ಬಾಗಿಲ ಕಡೆ ನಿಂದ್ರು, ಟೈಮ್ ನೋಡು."

ಮಾಸ್ಕಿಗೆ ಗಾಳಿ ಬರುವ ಬಾಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಅದು ಮುಖಕ್ಕೆ ಕಚ್ಚಿಕೊಳ್ಳಬೇಕು. ರಬ್ಬರಿನ ಅಂಚಿಗೆ ಕೂದಲು ಸಿಕ್ಕರೆ ಕಚ್ಚುವುದಿಲ್ಲ. ಪಟ್ಟಿ ಎಷ್ಟು ಬಿಗಿದರೂ ಅಷ್ಟೇ. ಗಡ್ಡವಿಲ್ಲದ, ತರಬೇತಿ ಆದ ಇನ್ನೊಬ್ಬರು ಬರುವತನಕ ಕಾದೆವು. ಸೋರುತ್ತಿರುವುದು ಕಣ್ಣಿಗೆ ಕಾಣುತ್ತಿರುವಾಗ ಕಾಯುವುದು ಬಹಳ ಕಷ್ಟ. ಆದರೂ ಒಬ್ಬನೇ ಒಳಗೆ ಹೋಗಬಾರದು.

ಮಾಸ್ಕಿಗೆ ಗಾಳಿ ಕೊಡುವ ಸಿಲಿಂಡರಿನ ಒತ್ತಡ ಮೀಟರು 270 ಬಾರ್ ತೋರಿಸುತ್ತಿತ್ತು. ಸಿಲಿಂಡರ್ 6.8 ಲೀಟರಿನದು. ಗಾಳಿ ಮುಗಿಯುತ್ತಾ ಬಂತೆಂದು ಸೀಟಿ ಊದುವ ಕೊನೆಯ 55 ಬಾರ್ ಬಿಟ್ಟರೆ ಉಳಿದದ್ದು ಸುಮಾರು 1,460 ಲೀಟರ್ ಗಾಳಿ. ಮೈಬಗ್ಗಿಸಿ ದುಡಿಯುವವನಿಗೆ ನಿಮಿಷಕ್ಕೆ 70 ಲೀಟರ್ ಹಿಡಿದರೂ 20 ನಿಮಿಷದ ಮೇಲೆ ನೆಚ್ಚುವಂತಿಲ್ಲ. ಹೋಗುವುದು, ಬರುವುದು ಎಲ್ಲ ಅದರಲ್ಲೇ. ನಾವು ಒಳಗೆ ಹೋದ ಹೊತ್ತನ್ನೂ ಬಾರನ್ನೂ ಹುಡುಗ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದ.

ಪೂರ್ತಿ ಮುಚ್ಚಿದ ಸೂಟು ಅದು, ಸಿಲಿಂಡರ್ ಕೂಡ ಒಳಗೇ. ಬಿಟ್ಟ ಉಸಿರು ತುಂಬಿ ಸೂಟು ಉಬ್ಬುತ್ತದೆ. ಬೆವರು ಬೂಟಿಗಿಳಿಯುತ್ತದೆ. ಗಾಜು ಮಂಜಾದಾಗ ತೋಳಿನಿಂದ ಒಂದು ಕೈ ಒಳಗೆ ಎಳೆದುಕೊಂಡು ಹತ್ತಿಬಟ್ಟೆಯಿಂದ ಒರೆಸಿಕೊಂಡೆ, ಅದೇ ಕೈಯಲ್ಲಿ ಮೀಟರು ಎತ್ತಿ ನೋಡಿದೆ. ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಕಟ್ಟಿ ಹತ್ತಿರ ಹಿಡಿದಾಗ ವಾಲ್ವಿನ ಕಡ್ಡಿಯ ಸುತ್ತ ಸೋರದಂತೆ ಬಿಗಿದಿರುವ ಗ್ಲ್ಯಾಂಡಿನ ಬುಡದಲ್ಲಿ ಬಿಳಿ ಹೊಗೆ ಎದ್ದಿತು, ಸೋರಿಕೆ ಅಲ್ಲೇ ಎಂಬ ಗುರುತು. ನಟ್ಟನ್ನು ಮೆಲ್ಲಗೆ ಬಿಗಿದೆ. ಹೊಗೆ ತೆಳುವಾಯಿತು, ನಿಲ್ಲಲಿಲ್ಲ. ಇನ್ನೊಂದಿಷ್ಟು ಬಿಗಿಯಬೇಕು ಅನ್ನುವಷ್ಟರಲ್ಲಿ ಹುಡುಗ ಬಾಗಿಲಿನ ತಗಡಿಗೆ ಪಾನಾದಿಂದ ಬಡಿದ. ಹದಿನೈದು ನಿಮಿಷ ಆಗಿತ್ತು! ನನ್ನ ಲೆಕ್ಕದಲ್ಲಿ ಏಳೆಂಟು.

ಕೈಬಿಟ್ಟು ಹೊರಗೆ ಬಂದೆವು. ಸೂಟಿನ ಮೇಲೆ ನೀರು ಸುರಿಸಿಕೊಂಡ ಮೇಲೆಯೇ ಜಿಪ್ಪು ತೆಗೆಸಿದೆ. ಹೊಸ ಸಿಲಿಂಡರ್ ಹಾಕಿಕೊಂಡು ಇನ್ನಿಬ್ಬರು ಹೋಗಿ ಉಳಿದದ್ದನ್ನು ಬಿಗಿದರು.

ಆ ಹುಡುಗ ಈಗಲೂ ಶ್ರಾವಣದಲ್ಲಿ ಗಡ್ಡ ಬಿಡುತ್ತಾನೆ. ನಾನೂ ಬೇಡ ಅನ್ನುವುದಿಲ್ಲ. ಆ ತಿಂಗಳು ಬಾಗಿಲ ಕೆಲಸ ಅವನದು.