ಟೈಲ್ಸ್ ಮೇಲೆ ಚಾಕ್‌ಪೀಸ್, ಕೈಗೆ ಬಂತು ಲೆಕ್ಕ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮನೆ ಕೊಳ್ಳುವಾಗ ಕರಾರುಪತ್ರದಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲ, 38 ಚದರ ಮೀಟರ್ ಎಂದಿತ್ತು. ಮೀಟರ್‌ಗೆ 3.28 ಅಡಿ ಅಲ್ವಾ ಅಂತ ಗುಣಿಸಿದೆ. ಸುಮಾರು 125 ಚದರ ಅಡಿ ಬಂತು! ಒನ್ ಬಿಎಚ್‌ಕೆ ಅಂದು ಗುಬ್ಬಿಗೂಡು ಮಾರ್ತೀರಾ ಎಂದು ಏಜೆಂಟ್ ಜೊತೆ ಜಗಳಕ್ಕೇ ನಿಂತೆ. ತಪ್ಪು ನನ್ನದೇ. ಅವತ್ತಿನಿಂದ ರಾತ್ರಿ ಊಟಕ್ಕೆ ಮೊದಲು ಮಗಳೂ ನಾನೂ ಅರ್ಧ ಗಂಟೆ ಲೆಕ್ಕಕ್ಕೆ ಕೂರುತ್ತೇವೆ. ನಮ್ಮ ಕ್ರಮ ಹೀಗಿದೆ.

ಮೊದಲು ನೆಲ. ಒಂದಡಿ ಟೈಲ್ಸ್ ಇರುವ ಕಡೆ, ಒಂದು ಟೈಲ್‌ನ ಮೂಲೆಯಿಂದ ಶುರುಮಾಡಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಎಳೆಯಿರಿ. ಒಳಗೆ ಏನೇನಿದೆ ಎಂದು ಮಕ್ಕಳೇ ಎಣಿಸಲಿ. ಇಡೀ ಟೈಲ್ 9. ಎರಡು ಅಂಚಿನಲ್ಲಿ 0.28 ಅಡಿ ಅಗಲದ ತುಂಡು ಮೂರು ಮೂರು, ಒಟ್ಟು 1.68. ಮೂಲೆಯಲ್ಲಿ ಒಂದು ಚಿಕ್ಕ ಚೂರು, 0.28 × 0.28, ಅಂದರೆ 0.08ಕ್ಕೆ ಹತ್ತಿರ. ಕೂಡಿಸಿದರೆ 10.76. ಚದರ ಮೀಟರ್‌ಗೆ ಇಷ್ಟು ಚದರ ಅಡಿ. ನನ್ನ ಮನೆ 409 ಚದರ ಅಡಿ, ಪಾಪ ಏಜೆಂಟ್!

ಈಗ ಅದೇ ಚಿತ್ರದ ಪಕ್ಕ (a+b)² = a² + 2ab + b² ಎಂದು ಬರೆಯಿರಿ. a ಅಂದರೆ 3, b ಅಂದರೆ 0.28. 2ab ಎಲ್ಲಿಂದ ಬಂತು ಎಂದು ಕೇಳಿದರೆ ಮಗಳು ಈಗ ಅಂಚಿನ ತುಂಡುಗಳ ಕಡೆ ಬೆರಳು ತೋರಿಸುತ್ತಾಳೆ. ನಾನು ಶಾಲೆಯಲ್ಲಿ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ.

ಸಮೀಕರಣಕ್ಕೆ ಅಡುಗೆಮನೆ ಸಾಕು. ನಮ್ಮಲ್ಲಿ ಇಡ್ಲಿಗೆ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು. ಅಕ್ಕಿ 7 ಲೋಟ, ಉದ್ದು 2 ಲೋಟ ನೆನೆಹಾಕಿಬಿಟ್ಟಿದ್ದೇವೆ. ಇನ್ನೆಷ್ಟು ಉದ್ದು ಬೇಕು? 3(2 + x) = 7. ಹಾಗಾಗಿ x = 1/3 ಲೋಟ. ಉತ್ತರವನ್ನು ಸಮೀಕರಣಕ್ಕೇ ವಾಪಸ್ ಹಾಕಿ ನೋಡದೆ ಪುಟ ತಿರುಗಿಸಬಾರದು.

ಅಳತೆ ಬದಲಿಸುವಾಗ ಮೊದಲು ಅಂದಾಜು, ಆಮೇಲೆ ಲೆಕ್ಕ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರ್‌ನಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿದ್ದು 21 ಮೈಲಿ. ಮೈಲಿಗೆ 1.6 ಕಿ.ಮೀ. ಅಂದುಕೊಂಡರೆ 20 ಮೈಲಿಗೆ 32. ಉತ್ತರ ಅದಕ್ಕಿಂತ ತುಸು ಜಾಸ್ತಿ ಇರಬೇಕು. 21 × 1.609 = 33.79 ಕಿ.ಮೀ. ಗುಣಿಸುವ ಬದಲು ಭಾಗಿಸಿದರೆ 13 ಬರುತ್ತದೆ, ಆಗ ಅಂದಾಜೇ ಕಿವಿ ಹಿಂಡುತ್ತದೆ. ಸಂಖ್ಯೆಯ ಪಕ್ಕ ಮೈಲಿ, ಕಿ.ಮೀ. ಬರೆಯದ ಉತ್ತರಕ್ಕೆ ನಮ್ಮ ಮನೆಯಲ್ಲಿ ಅರ್ಧ ಮಾರ್ಕು.

ದಿನಕ್ಕೆ ಐದು ಲೆಕ್ಕ ಸಾಕು. ತಪ್ಪಿದ್ದನ್ನು ಮೂರು ದಿನ ಬಿಟ್ಟು, ಹಳೇ ಪುಟ ನೋಡದೆ ಮತ್ತೆ ಮಾಡಿಸಿ.

ತರ್ಕಕ್ಕೆ ಪುಸ್ತಕವೇ ಬೇಡ, ಊಟದ ಹೊತ್ತೇ ಸರಿ. “ಜೋರು ಮಳೆ ಬಂದರೆ ಲೋಕಲ್ ರೈಲು ತಡವಾಗುತ್ತದೆ. ಇದು ನಿಜ ಅಂತಲೇ ಇಟ್ಟುಕೋ. ಇವತ್ತು ಲೋಕಲ್ ತಡ. ಹಾಗಾದರೆ ಮಳೆ ಬಂದಿದೆ, ಸರೀನಾ?” ಎಂದು ಕೇಳಿದೆ. ಹೂಂ ಅನ್ನಲು ಬಾಯಿ ತೆರೆದವಳು ತುತ್ತು ಹಿಡಿದೇ ಯೋಚಿಸಿದಳು.

“ಇಲ್ಲಪ್ಪ, ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದರೂ ತಡ ಆಗುತ್ತಲ್ಲ. ಆದರೆ ಲೋಕಲ್ ಟೈಮಿಗೆ ಸರಿಯಾಗಿ ಬಂದರೆ ಜೋರು ಮಳೆ ಇಲ್ಲ ಅಂತ ಖಂಡಿತ ಹೇಳಬಹುದು.”

ಎರಡನೆಯದನ್ನು ನಾನು ಕೇಳಿಯೇ ಇರಲಿಲ್ಲ.