ಆಫರ್ ಲೆಟರ್ ಬಂದಮೇಲೆ ಶುರುವಾಗುವ ಕೆಲಸ

ಮಂಡ್ಯದ ಮಹಿಳಾ ಪದವಿ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಜೊತೆಗೆ ಪ್ಲೇಸ್‌ಮೆಂಟ್ ಸೆಲ್ಲಿನ ಉಸ್ತುವಾರಿಯೂ ನನ್ನದೇ. ಸೆಲ್ ಅಂದರೆ ಒಂದು ಬೀರು, ಒಂದು ಬ್ಯಾನರ್, ಒಂದಷ್ಟು ಫೈಲು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಐದನೇ ಮಾನದಂಡ ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿಯದು. ಅದಕ್ಕೆ ಬೇಕಾದ ಆಫರ್ ಲೆಟರ್‌ಗಳ ನಕಲು ಆ ಫೈಲುಗಳಲ್ಲಿ ಅಚ್ಚುಕಟ್ಟಾಗಿ ಇರುತ್ತವೆ. ಆ ಹುಡುಗಿಯರಲ್ಲಿ ಯಾರು ಸೇರಿದರು, ವರ್ಷ ಕಳೆದ ಮೇಲೂ ಯಾರು ದುಡಿಯುತ್ತಿದ್ದಾರೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟು, ಬಿಡುವಾದಾಗ ಹಳೆಯ ವಿದ್ಯಾರ್ಥಿನಿಯರಿಗೆ ಫೋನ್ ಮಾಡತೊಡಗಿದೆ.

"ಬಿಟ್ಬುಟ್ಟೆ ಮಿಸ್" ಅನ್ನುವ ಉತ್ತರವೇ ಹೆಚ್ಚು. ಕೆಲಸ ಮಾಡಲು ಬರಲಿಲ್ಲ ಅಂತ ಬಿಟ್ಟವರು ತೀರಾ ಕಮ್ಮಿ. ಒಬ್ಬಳಿಗೆ ಹೇಳಿದಷ್ಟು ಸಂಬಳ ಕೈಗೆ ಬರಲಿಲ್ಲ. ಇನ್ನೊಬ್ಬಳ ಶಿಫ್ಟ್ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ ಹೋಗಿಬಿಡುತ್ತಿತ್ತು. ಮತ್ತೊಬ್ಬಳನ್ನು ಅಪ್ಪ ಹಬ್ಬಕ್ಕೆ ಕರೆದುಕೊಂಡು ಬಂದವರು ತಿರುಗಿ ಕಳಿಸಲಿಲ್ಲ. ರೆಸ್ಯೂಮೆ ಬರೆಯುವುದು, ಟೈ ಕಟ್ಟಿದವರ ಮುಂದೆ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವುದು, ಇವನ್ನೆಲ್ಲ ನಾವು ಕಲಿಸಿದ್ದೆವು. ಇವರು ಬಿಟ್ಟ ಕಾರಣಗಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಅಂತಿಮ ವರ್ಷದವರಿಗೆ ಆಫರ್ ಲೆಟರ್ ಓದುವುದನ್ನೇ ಒಂದು ಪಾಠ ಮಾಡಿದೆ. ವರ್ಷಕ್ಕೆ 2,16,000 ರೂಪಾಯಿ ಸಿಟಿಸಿ, ಅಂದರೆ ಒಬ್ಬಳ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ತಿಂಗಳಿಗೆ 18,000 ಅಂತ ಹುಡುಗಿಯರು ತಕ್ಷಣ ಕೂಗುತ್ತಾರೆ. ಮೂಲ ವೇತನ 12,000 ಅಂತ ಇಟ್ಟುಕೊಂಡರೆ ಕಂಪನಿ ಕಟ್ಟುವ ಪಿಎಫ್ ಶೇ 12, ಅಂದರೆ 1,440. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಬಾಬ್ತು ಸುಮಾರು 577. ಇಎಸ್‌ಐ ಅನ್ನುವ ನೌಕರರ ಆರೋಗ್ಯ ವಿಮೆಗೆ ಕಂಪನಿಯ ಪಾಲು ಶೇ 3.25. ಇಷ್ಟೂ ಆ 18,000ದ ಒಳಗೇ ಸೇರಿರುತ್ತದೆ. ಇವನ್ನು ಕಳೆದು, ಅವಳ ಪಾಲಿನ ಪಿಎಫ್ ಮತ್ತು ಶೇ 0.75 ಇಎಸ್‌ಐ ಮುರಿದುಕೊಂಡರೆ ಕೈಗೆ ಬರುವುದು 14,000ದ ಆಸುಪಾಸು. ಬೆಂಗಳೂರಲ್ಲಿ ಪಿಜಿಗೆ 7,000 ಹಾಕಿ ಅಂದರೆ ಕ್ಲಾಸಿನಲ್ಲಿ ಸದ್ದಿಲ್ಲ. ಅದೇ ಲೆಕ್ಕವನ್ನು ಮೈಸೂರಿನ ಹೆಬ್ಬಾಳದ ಕಡೆಯ 13,000ದ ಕೆಲಸಕ್ಕೂ ಹಾಕಿಸುತ್ತೇನೆ. ಮನೆಯಿಂದಲೇ ಓಡಾಡಬಹುದಾದರೆ ಚಿಕ್ಕ ಸಂಬಳದಲ್ಲೇ ಹೆಚ್ಚು ಉಳಿಯುತ್ತದೆ. ಬೆಂಗಳೂರಿಗೆ ಹೋಗಬೇಡಿ ಅನ್ನುವುದಲ್ಲ ನನ್ನ ಮಾತು, ಲೆಕ್ಕ ಹಾಕಿಕೊಂಡು ಹೋಗಿ ಅನ್ನುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಈ ಲೆಕ್ಕದಲ್ಲಿ ಬಸ್ ಚಾರ್ಜಿನ ಸಾಲೇ ಅಳಿಸಿಹೋಯಿತು. ಸೀಟು ಸಿಗುತ್ತದೆಯೇ ಅಂತ ಮಾತ್ರ ಕೇಳಬೇಡಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ತೋರಿಸಿ, ಅಲ್ಲೇ ವಾಪಸ್ ತಗೊಂಡು ಬನ್ನಿ, ಜೆರಾಕ್ಸ್ ಕೊಡಿ ಅನ್ನುವುದನ್ನು ಈ ಕ್ಲಾಸಿನಲ್ಲೇ ಹೇಳುತ್ತೇನೆ. ಕಾರ್ಡ್ ಒತ್ತೆ ಇಟ್ಟುಕೊಂಡು ಎರಡು ವರ್ಷದ ಬಾಂಡ್ ಬರೆಸಿಕೊಳ್ಳುವವರ ಕೈಗೆ ನಮ್ಮ ಒಬ್ಬ ಹುಡುಗಿ ಸಿಕ್ಕಿದ್ದಳು, ಬಿಡಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು. ಹತ್ತು ಜನಕ್ಕಿಂತ ಕಮ್ಮಿಯಿಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಇದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಸೇರಿದ ಮೊದಲ ವಾರವೇ ತಿಳಿದುಕೊಳ್ಳಿ ಅನ್ನುತ್ತೇನೆ.

ಇದಕ್ಕಿಂತ ಕಷ್ಟದ್ದು ಮನೆಯವರನ್ನು ಒಪ್ಪಿಸುವುದು. ಪೋಷಕರ ಸಭೆಯನ್ನು ನಾಟಿ, ಕಟಾವಿನ ದಿನಗಳಲ್ಲಿ ಇಡುವುದಿಲ್ಲ. ಡೈರಿಗೆ ಹಾಲು ಹಾಕಿ, ತಿಂಡಿ ತಿಂದು ಬಸ್ ಹತ್ತಲು ಹೊತ್ತು ಬೇಕಲ್ಲ, ಹನ್ನೊಂದಕ್ಕೆ ಶುರು. ಒಮ್ಮೆ ಬಸರಾಳು ಕಡೆಯ ತಂದೆಯೊಬ್ಬರು ಎದ್ದು ನಿಂತು, "ಮೇಡಂನೋರೆ, ಕಾಸಿಗೋಸ್ಕರ ಮಗ್ಳನ್ನ ಬೆಂಗ್ಳೂರ್ಗೆ ಕಳ್ಸುದ್ರು ಅಂತ ಊರೋರು ಆಡ್ಕತಾರೆ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಳೆಯ ವಿದ್ಯಾರ್ಥಿನಿಯ ತಾಯಿ ಹಿಂದಿನಿಂದ, "ನನ್ ಮಗ್ಳೂ ಅಲ್ಲೇ ಅವ್ಳೆ ಕನಣ್ಣೋ. ರೂಮು, ಆಪೀಸು ಎಲ್ಲಾನೂ ನಾನೇ ಹೋಗಿ ನೋಡ್ಕಂಡ್ ಬಂದಿವ್ನಿ. ನೀವೂ ಒಂದ್ಸಲ ಹೋಗ್ ಬನ್ನಿ" ಅಂದರು. ಅವರ ಆ ಮಾತು ಮಾಡಿದ ಕೆಲಸವನ್ನು ನನ್ನ ಯಾವ ಭಾಷಣವೂ ಮಾಡಿಲ್ಲ. ಈಗ ಅತಿಥಿಗಳಾಗಿ ಅಂಥ ತಾಯಂದಿರನ್ನೇ ಕರೆಯುತ್ತೇವೆ. ಮಗಳಿಗೆ ಇಎಸ್‌ಐ ಇದ್ದರೆ ಅವಳನ್ನೇ ನೆಚ್ಚಿಕೊಂಡ ಅಪ್ಪ ಅವ್ವನಿಗೂ ಚಿಕಿತ್ಸೆ ಸಿಗುತ್ತದೆ ಅನ್ನುವುದು ಗೊತ್ತಾದಾಗ ಹಿಂದಿನ ಬೆಂಚಿನ ಗಂಡಸರೂ ಕಿವಿಗೊಡುತ್ತಾರೆ.

"ಎಕ್ಸಾಮ್‌ಗೆ ಓದ್ತೀನಿ ಮಿಸ್" ಅನ್ನುವವರ ಗುಂಪು ದೊಡ್ಡದು. ಎಫ್‌ಡಿಎ, ಎಸ್‌ಡಿಎ ಅಂತ ಸರ್ಕಾರಿ ಗುಮಾಸ್ತೆ ಹುದ್ದೆಗೆ ಓದುತ್ತಾ ಮನೆಯಲ್ಲಿ ಕೂತರೆ ಅಧಿಸೂಚನೆಗಿಂತ ಮುಂಚೆ ಗಂಡಿನ ಕಡೆಯವರು ಬರುತ್ತಾರೆ, ಇದು ನಾನು ಕಂಡ ಸತ್ಯ. ಪಾರ್ಟ್‌ಟೈಮ್ ಆದರೂ ಸರಿ, ಕೆಲಸ ಮಾಡುತ್ತಲೇ ಓದಿ ಅನ್ನುತ್ತೇನೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಬಿಕಾಂನವರಿಗೆ ಅದನ್ನೇ ಮೊದಲು ತೋರಿಸುತ್ತೇನೆ.

ಕಾಲೇಜಿಗೇ ಬಂದು ಆಯ್ಕೆ ಮಾಡುವ ಡ್ರೈವ್‌ಗೆ ಬರುತ್ತೇವೆ ಅನ್ನುವ ಕಂಪನಿಗಳಿಗೆ ಈಗ ಮೊದಲೇ ಪತ್ರ ಬರೆಯುತ್ತೇನೆ: ಕೈಗೆ ಸಿಗುವ ಸಂಬಳ ಎಷ್ಟು, ಶಿಫ್ಟ್ ಯಾವ ಹೊತ್ತಿನದು, ಕ್ಯಾಬ್ ಎಲ್ಲಿಯವರೆಗೆ ಬಿಡುತ್ತದೆ, ಬಾಂಡ್ ಇದೆಯೇ. ಈ ವರ್ಷ ಒಂದು ಕಂಪನಿ ಉತ್ತರವನ್ನೂ ಬರೆಯಲಿಲ್ಲ, ಬರಲೂ ಇಲ್ಲ. ಫೈಲಿಗೆ ಸಂಖ್ಯೆ ಕಮ್ಮಿಯಾಯಿತಲ್ಲ ಅಂತ ಪ್ರಿನ್ಸಿಪಾಲರು ಮುಖ ಸಪ್ಪಗೆ ಮಾಡಿಕೊಂಡರು. ಇನ್ನೊಂದು ಕಂಪನಿಯವರು ನಾಲ್ಕಕ್ಕೂ ಉತ್ತರ ಬರೆದರು. ಅವರ ಡ್ರೈವ್ ಮುಂದಿನ ತಿಂಗಳಿದೆ, ಹೆಸರು ಕೊಟ್ಟವರಲ್ಲಿ ಬಿಎ ಹುಡುಗಿಯರೇ ಜಾಸ್ತಿ.