ಎತ್ತರವಿಲ್ಲದ ಹುಡುಗರು, 8 ಸೆಕೆಂಡಿನ ಆಟ

ವಿಜಯಪುರದಲ್ಲಿ ನನ್ನ ಕಾಲೇಜು ಬಾಸ್ಕೆಟ್‌ಬಾಲ್ ತಂಡದ 12 ಹುಡುಗರಲ್ಲಿ ಹೆಚ್ಚಿನವರು ಮೊದಲ ವರ್ಷದವರು; ಆರು ಅಡಿ ದಾಟಿದವನು ಒಬ್ಬನೇ. ಇವರನ್ನು ಇಡೀ ಅಂಕಣದಲ್ಲಿ ಎದುರಾಳಿಯ ಬೆನ್ನುಹತ್ತಿ ಕಾಡುವ ಫುಲ್ ಕೋರ್ಟ್ ಪ್ರೆಸ್‌ಗೆ ಇಳಿಸುತ್ತೇನೆ ಎಂದಾಗ ಬೇರೆ ಕಾಲೇಜಿನ ತರಬೇತುದಾರರೊಬ್ಬರು, "ಎರಡನೇ ಕ್ವಾರ್ಟರ್‌ಗೆ ಆಂಬುಲೆನ್ಸ್ ಹೇಳಿಡಿ ಸರ್" ಎಂದು ನಕ್ಕರು. ಮೊನ್ನೆಯ ಸ್ನೇಹಪಂದ್ಯದಲ್ಲಿ ಅದೇ ಮಹಾಶಯರ ತಂಡವನ್ನು ಹದಿನೈದು ಚಿಲ್ಲರೆ ಅಂಕಗಳಿಂದ ಸೋಲಿಸಿದೆವು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಿಂದಿನ ಹಂಗಾಮಿನಲ್ಲಿ 2-3 ಝೋನ್, ಅಂದರೆ ಮುಂದೆ ಇಬ್ಬರು, ಬೋರ್ಡಿನ ಬಳಿ ಮೂವರು ನಿಂತು ಕಾಯುವ ರಕ್ಷಣೆ ನೆಚ್ಚಿಕೊಂಡಿದ್ದೆವು. ಎದುರಾಳಿಯ ಎಸೆತ ತಪ್ಪಿದರೂ ಪುಟಿದ ಚೆಂಡು (ರಿಬೌಂಡ್) ಎತ್ತರದ ಅವರ ಕೈಗೇ ಸೇರುತ್ತಿತ್ತು. ಒಂದೇ ದಾಳಿಯಲ್ಲಿ ಮೂರು ಸಲ ಎಸೆಯಲು ಬಿಟ್ಟ ತಂಡ ಎಲ್ಲಿ ಗೆದ್ದೀತು? ಚೆಂಡು ನಮ್ಮ ಬೋರ್ಡಿನವರೆಗೆ ಬರುವುದನ್ನೇ ತಡೆಯಬೇಕಿತ್ತು. ನಿಯಮದಂತೆ ಅವರು ಚೆಂಡಿನೊಂದಿಗೆ 8 ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು. ಅದರಲ್ಲಿ ಐದನ್ನು ನಾವು ತಿಂದರೆ ಅವಸರದ ಪಾಸ್ ಬಂದೇ ಬರುತ್ತದೆ. ಚೆಂಡು ಹಿಡಿದವನನ್ನು ಮೂಲೆಗೆ ತಳ್ಳಿ ಇಬ್ಬರು ಮುತ್ತುವುದು ಎಲ್ಲರಿಗೂ ಗೊತ್ತು. ಎರಡನೆಯವನು ಯಾವ ಕ್ಷಣದಲ್ಲಿ ಹೊರಡಬೇಕು ಎಂಬುದಕ್ಕೆ ನಮ್ಮಲ್ಲೊಂದು ಸನ್ನೆಯಿದೆ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ ಮುಗಿಯುವ ತನಕ ಅದನ್ನು ಹೇಳಲಾರೆ. ಎರಡು ಮೂರು ನಿಮಿಷ ಕಳೆದು ಸೀಟಿ ಬಿದ್ದ ಕೂಡಲೇ ಐವರನ್ನೂ ಒಟ್ಟಿಗೆ ಬದಲಿಸುತ್ತೇನೆ. ಆಂಬುಲೆನ್ಸ್ ಬೇಕಾಗದ್ದು ಇದರಿಂದ.

ಖರ್ಚು ಮಾತ್ರ ವಿಪರೀತ. ಸಿಮೆಂಟ್ ಅಂಕಣದಲ್ಲಿ ಪ್ರೆಸ್ ಅಭ್ಯಾಸಕ್ಕಿಳಿದರೆ 2,000 ರೂಪಾಯಿಯ ಶೂ ಮೂರು ತಿಂಗಳು ಬಾಳುವುದೂ ಕಷ್ಟ. ಸಿಂಥೆಟಿಕ್ ಚೆಂಡುಗಳನ್ನು ಪಂದ್ಯಕ್ಕೆಂದು ಬೀರುವಿನಲ್ಲಿಟ್ಟು, ಅಭ್ಯಾಸಕ್ಕೆ ಏಳೆಂಟು ನೂರರ ರಬ್ಬರ್ ಚೆಂಡು ತಂದೆ. ಕಾಲೇಜಿನ ಅನುದಾನ ಅಷ್ಟಕ್ಕೇ ಮುಗಿಯಿತು. ಶೂಗಳಿಗೆ ಹಳೆಯ ವಿದ್ಯಾರ್ಥಿಗಳನ್ನು ಕಾಡಿ ಸುಮಾರು 20,000 ಕೂಡಿಸಿದೆ.

ನಮ್ಮದು ಸೈಕ್ಲಿಂಗ್ ಊರಲ್ಲವೇ, ಸೈಕಲ್ ಪಟುವೊಬ್ಬನನ್ನೂ ತಂಡಕ್ಕೆ ಎಳೆದು ನೋಡಿದೆ. ದಮ್ಮು ಅಪಾರ, ಪಕ್ಕಕ್ಕೆ ಸರಿಯಲು ಮಾತ್ರ ಕಾಲೇ ಏಳುತ್ತಿರಲಿಲ್ಲ. ಸ್ಕಿಪ್ಪಿಂಗ್ ಹಚ್ಚಿದ ಮೇಲೆ ಕೊಂಚ ಸಡಿಲಾಗಿದ್ದಾನೆ. ಎಲ್ಲರೂ ಬಸವಳಿದ ನಾಲ್ಕನೇ ಕ್ವಾರ್ಟರ್‌ಗೆ ಈಗ ಅವನೇ ಬೇಕು.

ಈ ಹಂಗಾಮಿಗೆ ಸೆಮಿಫೈನಲ್ ನಮ್ಮದು ಎಂದೇ ನನ್ನ ಲೆಕ್ಕ. ಮುಂದಿನದು ಫೌಲ್‌ಗಳ ಕೈಯಲ್ಲಿದೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಎರಡು ಫ್ರೀ ಥ್ರೋ ಸಿಗುತ್ತವೆ, ನಮ್ಮ ಹುಡುಗರ ಕೈಯೋ ಸುಮ್ಮನಿರುವುದಿಲ್ಲ. ನಮ್ಮ ಫ್ರೀ ಥ್ರೋಗಳು ಹತ್ತಕ್ಕೆ ಐದು ಬಿದ್ದರೆ ಹೆಚ್ಚು. ಹಾಗಾಗಿ ಬೆಳಗಿನ ಅಭ್ಯಾಸದ ಕೊನೆಗೆ, ಏದುಸಿರು ಬಿಡುತ್ತಿರುವಾಗಲೇ ಎಸೆಯಲು ನಿಲ್ಲಿಸುತ್ತೇನೆ. ತಪ್ಪಿಸಿದವನು ಅಂಕಣ ಗುಡಿಸಬೇಕು. ಸದ್ಯಕ್ಕೆ ಇಡೀ ವಿಜಯಪುರದಲ್ಲಿ ನಮ್ಮದರಷ್ಟು ಚೊಕ್ಕಟವಾದ ಅಂಕಣ ಇನ್ನೊಂದಿರಲಾರದು.